ಕಬ್ಬಿಣವೂ ಕಡಲೆಕಾಯಿಯ ಪೈರೂ

ನೇಗಿಲ ಗುಳ, ಕುಡುಗೋಲು, ಗುದ್ದಲಿ ಮೊದಲಾದ ಉಪಕರಣಗಳಿಗೆ ಕಬ್ಬಿಣವು ಬೇಕೆಂಬುದು ಎಲ್ಲರೂ ಬಲ್ಲ ವಿಷಯವೇ. ಆದರೆ ಅದು ಪೈರಿನ ಆಹಾರಗಳಲ್ಲಿಯೂ ಒಂದಾಗಿರುವುದು. ಕಡಲೆಕಾಯಿಯನ್ನು ಬೆಳೆಯುವ ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೈತರು ಇದನ್ನು ಚೆನ್ನಾಗಿ ಅರಿತಿರಬೇಕು.

ಗುಣಗಳು.— ಕಬ್ಬಿಣವು ಒಂದು ಮೂಲವಸ್ತು. ಇದು ನೀರಿಗಿಂತ ಸುಮಾರು 8 ಪಾಲು ಭಾರವಾದುದು, 1538 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ ಕರಗುವುದು, ಅಯಸ್ಕಾಂತಕ್ಕೆ ಸೆಳೆಯಲ್ಪಡುವುದು. ತೇವವೂ ಗಾಳಿಯೂ ಸೋಕಿದರೆ ತುಕ್ಕು ಹಿಡಿಯುವುದು. ಭೂಮಿಯ ಹೊರಪದರದ ತೂಕದಲ್ಲಿ ನೂರಕ್ಕೆ ಸುಮಾರು 5 ಪಾಲು ಕಬ್ಬಿಣವೇ ಇರುವುದು. ಕೆಮ್ಮಣ್ಣಿನ ಬಣ್ಣಕ್ಕೂ ಇದೇ ಕಾರಣ.

ಪೂರ್ವಚರಿತ್ರೆ.— 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬವರು, ಮಧುಗಿರಿ ಮತ್ತು ಚನ್ನರಾಯನದುರ್ಗದ ಸೀಮೆಗಳಲ್ಲಿ ಕಬ್ಬಿಣ ತೆಗೆಯುತ್ತಿದ್ದ ಕ್ರಮವನ್ನು ವಿವರಿಸಿರುವರು. ಮಳೆಗಾಲದಲ್ಲಿ ಬಂಡೆಗಳಿಂದ ಹಳ್ಳಗಳು ಕೊಚ್ಚಿ ತರುವ ಕರಿಮರಳನ್ನು ಕೂಡಿಟ್ಟು, ಇದ್ದಲಿನೊಡನೆ ಕುಲುಮೆಗೆ ಹಾಕಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಬಂದ ಕಬ್ಬಿಣವನ್ನು ತುಂಡುಮಾಡಿ, ಮಣ್ಣಿನ ಮೂಸೆಯಲ್ಲಿ ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆಗಳೊಡನೆ ಮುಚ್ಚಿ ಕಾಯಿಸಿದರೆ, ಅವುಗಳ ಇಂಗಾಲವು ಸೇರಿ ಉಕ್ಕಾಗುತ್ತಿತ್ತು. ಕಲ್ಲುಕುಟಿಗರ ಉಳಿಗೂ, ಕತ್ತಿಗೂ, ವಾದ್ಯಗಳ ತಂತಿಗೂ ಈ ಉಕ್ಕು ಒದಗುತ್ತಿತ್ತು. ಅಗ್ಗದ ಪರದೇಶದ ಕಬ್ಬಿಣವು ಬಂದ ಮೇಲೆ ಈ ಕುಲುಮೆಗಳು ಆರಿದುವು. 1923ರಲ್ಲಿ ಭದ್ರಾವತಿಯ ಕಾರ್ಖಾನೆಯು ಹೊಸ ಕ್ರಮದಿಂದ ಕೆಲಸವನ್ನಾರಂಭಿಸಿತು.

ಪೈರಿಗೆ ಉಪಯೋಗ.— ಎಲೆಯ ಹಸುರು ಉಂಟಾಗಲು ಕಬ್ಬಿಣವು ಅವಶ್ಯಕ. ಕಡಲೆಕಾಯಿಯ ಬೇರುಗಂಟನ್ನು ಸೀಳಿದರೆ ಕಾಣುವ ಕೆಂಪು ಬಣ್ಣವೂ ಕಬ್ಬಿಣದಿಂದಲೇ ಬಂದುದು. ಹೀಗಿದ್ದರೂ, ಮಣ್ಣಿನಲ್ಲಿ ಕಬ್ಬಿಣವು ಹೇರಳವಾಗಿರುವಾಗಲೇ ಪೈರು ಅದಿಲ್ಲದೆ ಸೊರಗುವುದುಂಟು. ಸುಣ್ಣದ ಅಂಶವು ಹೆಚ್ಚಾದ ನೆಲದಲ್ಲಿಯೂ ಚೌಳು ನೆಲದಲ್ಲಿಯೂ ಕಬ್ಬಿಣವು ನೀರಿನಲ್ಲಿ ಕರಗದೆ ಬೇರಿಗೆ ದಕ್ಕುವುದಿಲ್ಲ. ನೀರು ನಿಂತರೆ ತೊಂದರೆಯು ಇನ್ನೂ ಹೆಚ್ಚುವುದು.

ಗುರುತು.— ಮೊದಲು ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುವುವು. ರೋಗವು ಬಲಿತರೆ ಎಲೆಯೆಲ್ಲಾ ಬಿಳಿಚಿಕೊಳ್ಳುವುದು. ಸಾರಜನಕದ ಕೊರತೆಯಲ್ಲಾದರೋ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುವುವು. ಈ ಭೇದವನ್ನು ನೋಡದೆ ಯೂರಿಯಾ ಎರಚಿದರೆ ಹಣವು ವ್ಯರ್ಥ, ಪೈರಿಗೂ ಗುಣವಿಲ್ಲ.

ಪರಿಹಾರ.— ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲವನ್ನು ಕರಗಿಸಿ, ಬಿಸಿಲಿಲ್ಲದ ಹೊತ್ತಿನಲ್ಲಿ ಎಲೆಗಳು ನೆನೆಯುವಂತೆ ಸಿಂಪಡಿಸತಕ್ಕದ್ದು. ಹಳದಿಯು ಹೋಗದಿದ್ದರೆ 10-15 ದಿನಗಳ ನಂತರ ಪುನಃ ಸಿಂಪಡಿಸಬೇಕು. ಅನ್ನಭೇದಿಯು ತಿಳಿಹಸುರಾಗಿರಬೇಕು, ಕಂದು ಬಣ್ಣಕ್ಕೆ ತಿರುಗಿದುದು ಪ್ರಯೋಜನಕ್ಕೆ ಬಾರದು. ದ್ರಾವಣವನ್ನು ಆಗಿಂದಾಗ್ಗೆ ಮಾಡಿಕೊಳ್ಳಬೇಕು. ಸುಣ್ಣದ ನೆಲಕ್ಕೆ ಇದನ್ನು ಬರಿದೇ ಎರಚಿದರೆ ಬಹು ಬೇಗನೆ ಕರಗದ ರೂಪವನ್ನು ಹೊಂದುವುದು. ಕೊಟ್ಟಿಗೆ ಗೊಬ್ಬರವನ್ನು ವರ್ಷವರ್ಷವೂ ಹಾಕುತ್ತಾ, ನೀರು ನಿಲ್ಲದಂತೆ ನೋಡಿಕೊಳ್ಳುತ್ತಾ ಬಂದರೆ ನೆಲದಲ್ಲಿರುವ ಕಬ್ಬಿಣವೇ ಪೈರಿಗೆ ಹೆಚ್ಚಾಗಿ ದಕ್ಕುವುದು. ಬಿತ್ತನೆಗೆ ಮುಂಚೆ ಮಣ್ಣನ್ನು ಪರೀಕ್ಷೆ ಮಾಡಿಸುವುದು ಉತ್ತಮ.