ಶಾಲೆ ಬಿಟ್ಟರೂ ಓದು ಬಿಡಬೇಕಿಲ್ಲ

"ಶಾಲೆ ಬಿಡಿಸಿದ್ದೇವೆ, ಮನೆಯಲ್ಲೇ ಓದುತ್ತಾಳೆ." ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಮ್ಮ ಶೈಕ್ಷಣಿಕ ಜಿಲ್ಲೆಯ ಯಾವ ತಾಲ್ಲೂಕಿಗೆ ಹೋದರೂ ಈ ಮಾತು ಕೇಳಿಬರುತ್ತದೆ. ಕೆಲವು ಮನೆಗಳಲ್ಲಿ ಅದು ನಿಜ. ಕೆಲವು ಮನೆಗಳಲ್ಲಿ ಓದು ನಿಂತೇ ಹೋಗಿರುತ್ತದೆ. ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಸಾಕು: ಅವಳು ಯಾವ ಪರೀಕ್ಷೆಗೆ ನೋಂದಣಿ ಮಾಡಿಸಿದ್ದಾಳೆ?

ಮೊದಲು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಆ ವಯಸ್ಸಿನ ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ. ಆದ್ದರಿಂದ ಎಂಟನೇ ತರಗತಿಯವರೆಗೆ ಶಾಲೆಯೇ ಸರಿಯಾದ ದಾರಿ. ಅದಾದ ಮೇಲೆ ದೂರ, ಆರೋಗ್ಯ, ಮನೆಯ ಕಷ್ಟ, ಹೀಗೆ ಯಾವುದೇ ಕಾರಣಕ್ಕೆ ಶಾಲೆಗೆ ಹೋಗಲಾಗದವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ.

ಒಂದು, ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವುದು. ಇದರ ಅನುಕೂಲವೆಂದರೆ ಪಠ್ಯಪುಸ್ತಕ ನಾವೆಲ್ಲ ಓದಿದ್ದೇ. ಪಠ್ಯ ಬದಲಾಗಿಲ್ಲವೆಂದು ಖಚಿತಪಡಿಸಿಕೊಂಡು, ನಿಮ್ಮ ಹಳೆಯ ಪುಸ್ತಕ, ನೋಟ್ಸ್ ತಂಗಿಗೋ ತಮ್ಮನಿಗೋ ಕೊಡಬಹುದು. ವಯಸ್ಸಿನ ನಿಯಮ, ಬೇಕಾದ ದಾಖಲೆ, ಅರ್ಜಿಯ ಕೊನೆಯ ದಿನ ಇವನ್ನು ತಾಲ್ಲೂಕಿನ ಬಿ.ಇ.ಒ. ಕಚೇರಿಯಲ್ಲಿ ಅಥವಾ ಹತ್ತಿರದ ಪ್ರೌಢಶಾಲೆಯಲ್ಲಿ ವಿಚಾರಿಸಬೇಕು.

ಎರಡು, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌.ಐ.ಒ.ಎಸ್. ಇದು 1989ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಸಂಸ್ಥೆ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಿಕೊಳ್ಳಬಹುದು. ಪಾಸಾಗಲು ಐದು ವಿಷಯ ಬೇಕು. ಎಲ್ಲವನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ನೋಂದಣಿ ಐದು ವರ್ಷ ಇರುತ್ತದೆ, ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ. ಕಡ್ಲೆಕಾಯಿ ಕೀಳುವ ಕಾಲದಲ್ಲಿ ಹೊಲ ಬಿಟ್ಟು ಬರಲಾಗದ ಪಾವಗಡದ ಹುಡುಗನಿಗೆ ಇದು ದೊಡ್ಡ ಆಸರೆ. ಆದರೆ ವಿಷಯ ಆರಿಸುವಾಗ ಎಚ್ಚರ ಬೇಕು. ಸುಲಭವೆಂದು ಗಣಿತ, ವಿಜ್ಞಾನ ಬಿಟ್ಟವರಿಗೆ ಮುಂದೆ ಪಿ.ಯು.ಸಿ. ವಿಜ್ಞಾನ ಓದುವುದು ಕಷ್ಟ.

ಪ್ರಮಾಣಪತ್ರ ಅಷ್ಟು ಮುಖ್ಯವೇ ಎಂದು ಕೇಳಬಹುದು. ಮುಂಬೈನ ಮಾಳವಿಕಾ ಜೋಶಿ ಏಳನೇ ತರಗತಿಯ ನಂತರ ಶಾಲೆ ಬಿಟ್ಟು ಮನೆಯಲ್ಲಿ ಕಲಿತರು. ಅಂತರರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಮೂರು ಪದಕ ಗೆದ್ದರು. 2016ರಲ್ಲಿ ಅಮೆರಿಕದ ಎಂ.ಐ.ಟಿ. ಅವರಿಗೆ ಸೀಟು ಕೊಟ್ಟಿತು. ಆದರೆ ಹನ್ನೆರಡನೇ ತರಗತಿಯ ಪ್ರಮಾಣಪತ್ರವಿಲ್ಲದ ಕಾರಣ ನಮ್ಮ ಐ.ಐ.ಟಿ.ಯ ಬಾಗಿಲು ಅವರಿಗೆ ತೆರೆಯಲಿಲ್ಲ. ಅಂಥ ಪ್ರತಿಭೆಗೇ ಹಾಗಾದರೆ, ಉಳಿದವರು ಪರೀಕ್ಷೆಯನ್ನು ಮರೆಯುವಂತಿಲ್ಲ.

ನೋಂದಣಿಯಾದ ಮೇಲೆ ಮನೆಯವರ ಪಾಲೂ ಇದೆ. ದಿನಕ್ಕೆ ಮೂರು ನಾಲ್ಕು ಗಂಟೆ ಓದಿಗೆಂದೇ ಮೀಸಲಿಡಬೇಕು. ಆ ಹೊತ್ತಿನಲ್ಲಿ ಅಡುಗೆ, ಅಂಗಡಿ, ಮಗು ನೋಡಿಕೊಳ್ಳುವ ಕೆಲಸ ಹೇಳಬಾರದು. ವಾರಕ್ಕೊಮ್ಮೆ ಬರೆಸಿ ತಿದ್ದುವವರು ಬೇಕು. ಜೊತೆಗೆ ಗೆಳತಿಯರ ಒಡನಾಟವೂ ಬೇಕು. ಶಾಲೆ ಕೊಡುವುದು ಪಾಠವನ್ನಷ್ಟೇ ಅಲ್ಲ.

ಶಾಲೆಗೆ ಹೋಗಲು ಸಾಧ್ಯವಿರುವವರಿಗೆ ಶಾಲೆಯೇ ಒಳ್ಳೆಯದು. ಆಗದವರಿಗೆ ಈ ದಾರಿಗಳಿವೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಓದು ನಿಲ್ಲಿಸಿ ಕೂತವರಿದ್ದರೆ, ಮೇಲಿನ ಪ್ರಶ್ನೆಯನ್ನು ಈ ವಾರವೇ ಕೇಳಿ. ನೋಂದಣಿ ಆಗಿಲ್ಲವೆಂದರೆ ಅಮ್ಮ ಅಪ್ಪನೊಂದಿಗೆ ಮಾತಾಡಿ, ಅರ್ಜಿ ತುಂಬಲು ಜೊತೆಗೆ ಕೂತುಕೊಳ್ಳಿ.