ಬ್ರೇಕಿಲ್ಲದ ಬೈಕು, ಲೆಕ್ಕ ತಪ್ಪದ ಸವಾರ

ನಾಲ್ವರು ಸವಾರರು, ನಾಲ್ಕು ಸುತ್ತು, ಸುಮಾರು ಒಂದು ನಿಮಿಷ: ಸ್ಪೀಡ್‌ವೇ ರೇಸ್ ಎಂದರೆ ಇಷ್ಟೇ. ಪೋಲೆಂಡ್‌ನಲ್ಲಿ ಇದನ್ನು ನೋಡಲು ಕ್ರೀಡಾಂಗಣಗಳು ತುಂಬುತ್ತವೆ. ಸ್ವೀಡನ್, ಡೆನ್ಮಾರ್ಕ್, ಬ್ರಿಟನ್‌ಗಳಲ್ಲೂ ಲೀಗ್‌ಗಳಿವೆ. ನಮ್ಮಲ್ಲಿ ಇದನ್ನು ಮೊಬೈಲ್ ವಿಡಿಯೊಗಳಲ್ಲಿ ನೋಡಿದವರೇ ಹೆಚ್ಚು. ಮಣ್ಣು ಚಿಮ್ಮಿಸುತ್ತ ಅಡ್ಡಡ್ಡ ಜಾರುವ ಬೈಕುಗಳನ್ನು ಕಂಡು ‘ಜೀವದ ಹಂಗಿಲ್ಲದವರ ಹುಚ್ಚಾಟ’ ಎಂದು ಷರಾ ಬರೆದುಬಿಡುತ್ತೇವೆ. ಆ ಮಾತು ಈ ವೃತ್ತಿಗೆ ಮಾಡುವ ಅನ್ಯಾಯ.

ತಪ್ಪು ಕಲ್ಪನೆ: ಬೈಕಿಗೆ ಬ್ರೇಕೇ ಇಲ್ಲ, ಇದು ಬರೀ ಭಂಡ ಧೈರ್ಯ.

ಸತ್ಯ: ಬ್ರೇಕ್ ಇರಕೂಡದೆಂಬುದು ನಿಯಮ, ಅದಕ್ಕೆ ಕಾರಣವೂ ಇದೆ. ಅಂಟಿಕೊಂಡಂತೆ ಓಡುವ ಗುಂಪಿನಲ್ಲಿ ಮುಂದಿನವನು ಥಟ್ಟನೆ ಬ್ರೇಕ್ ಹಾಕಿದರೆ ಹಿಂದಿನವನಿಗೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. 500 ಸಿಸಿ ಎಂಜಿನ್, ಒಂದೇ ಗೇರ್, ಮೆಥನಾಲ್ ಇಂಧನ. ತಿರುವಿನಲ್ಲಿ ಸವಾರ ಬೈಕನ್ನು ಎಡಕ್ಕೆ ವಾಲಿಸಿ, ಆಕ್ಸಿಲರೇಟರ್ ತಿರುವಿ, ಹಿಂದಿನ ಚಕ್ರವನ್ನು ಹೊರಕ್ಕೆ ಜಾರಿಸುತ್ತಾನೆ. ಬೈಕು ಎಡಕ್ಕೆ ಸುತ್ತುತ್ತಿದ್ದರೆ ಹ್ಯಾಂಡಲ್ ಬಲಕ್ಕೆ ಹೊರಳಿರುತ್ತದೆ. ಉಕ್ಕಿನ ತಳ ಕಟ್ಟಿದ ಎಡಗಾಲಿನ ಬೂಟು ನೆಲ ಸವರುತ್ತಿರುತ್ತದೆ. ಹೀಗೆ ಅಡ್ಡ ಜಾರುವ ಟೈರೇ ವೇಗವನ್ನು ತಗ್ಗಿಸುತ್ತದೆ. ಸವಾರ ಬಿದ್ದರೆ ಮಣಿಕಟ್ಟಿಗೆ ಕಟ್ಟಿದ ದಾರ ಕಿತ್ತು ಬಂದು ಎಂಜಿನ್ ಬಂದ್ ಆಗುತ್ತದೆ.

ತಪ್ಪು ಕಲ್ಪನೆ: ಒಂದು ನಿಮಿಷದ ಕೆಲಸ, ಉಳಿದದ್ದೆಲ್ಲ ಬಿಡುವು.

ಸತ್ಯ: ಮುಂಚೂಣಿಯ ಸವಾರರು ಒಂದೇ ಸೀಸನ್‌ನಲ್ಲಿ ಎರಡು ಮೂರು ದೇಶಗಳ ಕ್ಲಬ್‌ಗಳಿಗೆ ಓಡಿಸುವುದುಂಟು. ವಾರದ ಬಹುಪಾಲು ಪ್ರಯಾಣ ಮತ್ತು ಬೈಕಿನ ರಿಪೇರಿಯಲ್ಲೇ ಕಳೆಯುತ್ತದೆ. ಗೇರ್ ಒಂದೇ ಆದ್ದರಿಂದ ಟ್ರ್ಯಾಕಿನ ಉದ್ದ, ಮಣ್ಣಿನ ಹದ ನೋಡಿ ಸ್ಪ್ರಾಕೆಟ್ ಬದಲಿಸಬೇಕು. ಹೊತ್ತು ಕಳೆದಂತೆ ಟ್ರ್ಯಾಕ್ ಒಣಗಿ, ಸಡಿಲ ಮಣ್ಣು ಹೊರ ಅಂಚಿಗೆ ಸರಿಯುತ್ತದೆ. ದಿನದ ಮೊದಲ ರೇಸ್ ಗೆಲ್ಲಿಸಿದ ಸೆಟ್ಟಿಂಗ್ ಕೊನೆಯ ರೇಸ್‌ನಲ್ಲಿ ಕೈಕೊಡಬಹುದು. ಇದನ್ನೆಲ್ಲ ಓದಬಲ್ಲವನೇ ಗೆಲ್ಲುತ್ತಾನೆ.

ತಪ್ಪು ಕಲ್ಪನೆ: ಖರ್ಚುವೆಚ್ಚವೆಲ್ಲ ಕ್ಲಬ್‌ನದು, ಸವಾರನಿಗೆ ತಿಂಗಳ ಸಂಬಳ.

ಸತ್ಯ: ವೃತ್ತಿಪರ ಸವಾರ ಸಾಮಾನ್ಯವಾಗಿ ತನ್ನದೇ ಸಣ್ಣ ಉದ್ಯಮದ ಯಜಮಾನ. ಬೈಕು, ಎಂಜಿನ್ ಟ್ಯೂನಿಂಗ್, ಮೆಕ್ಯಾನಿಕ್‌ಗಳ ಕೂಲಿ, ವ್ಯಾನ್ ಎಲ್ಲವನ್ನೂ ಅವನೇ ತೂಗಿಸಬೇಕು. ಆದಾಯದ ದೊಡ್ಡ ಪಾಲು ಗಳಿಸಿದ ಅಂಕಗಳ ಮೇಲೆ ನಿಂತಿದೆ: ಮೊದಲು ಬಂದವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಸೊನ್ನೆ ಬಂದ ದಿನವೂ ಖರ್ಚು ನಿಲ್ಲುವುದಿಲ್ಲ. ಮೂಳೆ ಮುರಿದು ಮಲಗಿದರೆ ಅಂಕವೂ ಇಲ್ಲ, ಅಂಕದ ಹಣವೂ ಇಲ್ಲ.

ತಪ್ಪು ಕಲ್ಪನೆ: ಮೂವತ್ತು ದಾಟಿದರೆ ಮುಗಿಯಿತು.

ಸತ್ಯ: ಅಮೆರಿಕದ ಗ್ರೆಗ್ ಹ್ಯಾನ್ಕಾಕ್ ಮೊದಲು ವಿಶ್ವ ಚಾಂಪಿಯನ್ ಆದದ್ದು 1997ರಲ್ಲಿ; ನಾಲ್ಕನೆಯ ಬಾರಿ ಗೆದ್ದದ್ದು 2016ರಲ್ಲಿ, 46ನೇ ವಯಸ್ಸಿನಲ್ಲಿ. ವರ್ಷಗಳ ಅನುಭವ ಇಲ್ಲಿ ದೊಡ್ಡ ಬಂಡವಾಳ. ಆದರೆ ಆ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಆಸ್ಟ್ರೇಲಿಯಾದ ಪ್ರತಿಭಾವಂತ ಡಾರ್ಸಿ ವಾರ್ಡ್ 2015ರಲ್ಲಿ ಪೋಲೆಂಡ್‌ನ ರೇಸೊಂದರಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡರು. 23ಕ್ಕೇ ಅವರ ವೃತ್ತಿ ಮುಗಿಯಿತು.

ಇಷ್ಟೆಲ್ಲ ಗೊತ್ತಿದ್ದೂ ಆರಂಭದ ಗೆರೆಗೆ ಬಂದು ನಿಲ್ಲುವವರನ್ನು ಹುಚ್ಚರೆನ್ನುವುದು ಸಲ್ಲದು. ಅವರು ಅಪಾಯವನ್ನು ಅಳೆದು, ಕೈಲಾದಷ್ಟು ತಗ್ಗಿಸಿ, ಉಳಿದದ್ದನ್ನು ಒಪ್ಪಿಕೊಂಡು ದುಡಿಯುವ ನುರಿತ ಕಸುಬುದಾರರು. ಆ ಗೌರವ ಅವರಿಗೆ ಸಲ್ಲಬೇಕು.