ಕಣ್ಣಿದ್ದವರ ಕನಕಗಿರಿ

ಕಾಲಿದ್ದವರು ಹಂಪಿಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬುದು ನಮ್ಮ ಕಡೆಯ ಜನರ ಬಾಯಲ್ಲಿ ಉಳಿದು ಬಂದಿರುವ ಮಾತು. ಗಾದೆಗಳ ಗತಿಯೇ ಹೀಗೆ. ಬಳಸಿ ಬಳಸಿ ನಾಣ್ಯದಂತೆ ಸವೆದ ಮೇಲೆ ಅವುಗಳ ಮೇಲಣ ಮುದ್ರೆಯನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಈ ಮಾತನ್ನು ಆಡುತ್ತ ಬಂದಿರುವ ನಾನೂ ನೋಡಿರಲಿಲ್ಲ. ಕಳೆದ ಡಿಸೆಂಬರಿನ ಕೊನೆಯ ವಾರದಲ್ಲಿ, ಕಣ್ಣು ಮಂಜಾದ ಒಬ್ಬ ವೃದ್ಧೆಯನ್ನೂ ಒಂಬತ್ತು ವರ್ಷದ ಒಬ್ಬ ಬಾಲಿಕೆಯನ್ನೂ ಜೊತೆಯಲ್ಲಿ ಕರೆದುಕೊಂಡು ಕನಕಗಿರಿಗೆ ಹೋಗಿ ಬಂದ ಮೇಲೆ ಈ ಗಾದೆಯ ಬಗ್ಗೆ ನನಗೆ ಕೆಲವು ಮಾತು ಹೇಳಬೇಕೆನಿಸಿದೆ.

ವೃದ್ಧೆ ನಮ್ಮ ದೊಡ್ಡವ್ವ, ತಾಯಿಯ ಹಿರಿಯಕ್ಕ. ಹುಟ್ಟಿದ್ದು ಕನಕಗಿರಿಯಲ್ಲಿ, ನಿಜಾಮರ ಆಳಿಕೆಯ ಕಾಲದಲ್ಲಿ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿದಾಗ ಆಕೆಗೆ ಏಳು ವರ್ಷ. ಎರಡು ವರ್ಷಗಳಿಂದ ಕಣ್ಣಿಗೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆಗೆ ಒಪ್ಪುವುದಿಲ್ಲ. ಬಾಲಿಕೆ ಆಕೆಯ ಮಗಳ ಮಗನ ಮಗಳು. ನನ್ನ ಅಳಿಯನಾದ ಆ ಹುಡುಗ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಅವನು ನನ್ನನ್ನು ಮಾವ ಎನ್ನುವುದರಿಂದ ಅವನ ಮಗಳಿಗೆ ನಾನು ಅಜ್ಜ. ನಲವತ್ತಾರನೆಯ ವಯಸ್ಸಿಗೆ ಅಜ್ಜನೆನ್ನಿಸಿಕೊಳ್ಳುವ ಯೋಗ ಎಲ್ಲರಿಗೂ ಒದಗುವುದಿಲ್ಲ!

ಹುಡುಗಿ ಬಂದ ಮರುದಿನವೇ ತಾನಿರುವ ಊರಿನ ಚಿತ್ರಗಳನ್ನು ನನ್ನ ಮುಂದೆ ಹರಡಿದಳು. ಊರ ಹೆಸರು ಮಾಂಟ್‌ಪೀಲಿಯರ್, ವರ್ಮಾಂಟಿನ ರಾಜಧಾನಿ. ಅಮೆರಿಕದ ಐವತ್ತು ರಾಜ್ಯಗಳ ರಾಜಧಾನಿಗಳಲ್ಲಿ ಜನಸಂಖ್ಯೆಯಿಂದ ಅತಿ ಚಿಕ್ಕದು ಇದೇ. ಇರುವವರು ಎಂಟು ಸಾವಿರದ ಆಸುಪಾಸು. ನಮ್ಮ ಕಡೆ ಅಷ್ಟು ಮಂದಿಯ ಊರನ್ನು ದೊಡ್ಡ ಹಳ್ಳಿ ಎನ್ನುತ್ತೇವೆ. ಆದರೂ ಅಲ್ಲಿ ಶಾಸನಸಭೆಯ ಭವನವಿದೆ; ಭವನದ ಗುಮ್ಮಟಕ್ಕೆ ಚಿನ್ನದ ಹಾಳೆಯ ಹೊದಿಕೆಯಿದೆ; ಗುಮ್ಮಟದ ನೆತ್ತಿಯ ಮೇಲೆ ಕೃಷಿದೇವತೆಯ ಮರದ ಪ್ರತಿಮೆ ನಿಂತಿದೆ. ರಜೆಯ ದಿನ ತಂದೆತಾಯಿಗಳು ಮಕ್ಕಳ ಕೈಹಿಡಿದು ಅಲ್ಲಿಗೆ ಹೋಗಿ, ರಾಜ್ಯವೆಂದರೆ ಇದು ಎಂದು ತೋರಿಸಿ ಬರುತ್ತಾರಂತೆ. ಚಿತ್ರಗಳನ್ನು ಮಡಿಸಿಟ್ಟು ಹುಡುಗಿ ಕೇಳಿದಳು: “ಅಜ್ಜ, ಇಲ್ಲಿ ಕ್ಯಾಪಿಟಲ್ ಎಲ್ಲಿದೆ?”

ಬೆಂಗಳೂರು ಎಂದುಬಿಟ್ಟಿದ್ದರೆ ಮಾತು ಮುಗಿಯುತ್ತಿತ್ತು. ಆದರೆ ಮೇಷ್ಟರ ನಾಲಗೆ ಅಷ್ಟಕ್ಕೆ ಸುಮ್ಮನಿರುವುದುಂಟೆ? ನಮ್ಮ ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ, ಹೊಸ ಜಿಲ್ಲೆ. ಆದರೆ ಇದರ ಮಣ್ಣಿನಲ್ಲಿ ಹಳೆಯ ಚಿಕ್ಕ ರಾಜಧಾನಿಗಳು ಒಂದೆರಡಲ್ಲ. ಕಂಪಿಲರಾಯನೂ ಕುಮಾರರಾಮನೂ ನಿಂತು ಕಾದಿದ ಕುಮ್ಮಟದುರ್ಗ ಗಂಗಾವತಿಯ ಸೀಮೆಯಲ್ಲಿದೆ. ವಿಜಯನಗರಕ್ಕೆ ತಾಯಿಯೂರೆನ್ನಬಹುದಾದ ಆನೆಗೊಂದಿ ಇಲ್ಲಿದೆ. ಇಂದಿನ ಯಲಬುರ್ಗಾ ಹಿಂದೆ ಸಿಂದರ ಎರಂಬರಗೆ. ಇವೆಲ್ಲವನ್ನೂ ಹೇಳತೊಡಗಿದಾಗ ಮೂಲೆಯಲ್ಲಿ ಕೂತಿದ್ದ ದೊಡ್ಡವ್ವ, “ಅವನ್ನೆಲ್ಲ ಯಾಕ ಹೇಳತಿ? ನಮ್ಮೂರಿಗೆ ಕರಕೊಂಡು ಹೋಗು. ನಾನೂ ಬರ್ತೀನಿ” ಎಂದಳು. ಹೀಗೆ ಕನಕಗಿರಿ ನಿಶ್ಚಯವಾಯಿತು.

ಗಂಗಾವತಿಯಿಂದ ಕನಕಗಿರಿಗೆ ಸುಮಾರು 20 ಕಿಲೋಮೀಟರು. ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜವನ್ನಾಗಿ ಮಾಡಿದೆ. ಆ ಹಸಿರನ್ನು ದಾಟಿ ಒಣಸೀಮೆಯನ್ನು ಹೊಕ್ಕಾಗ, ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳನ್ನು ಕಂಡ ಹುಡುಗಿ, ಇವನ್ನು ಇಟ್ಟವರು ಯಾರು ಎಂದು ಕೇಳಿದಳು. ಯಾರೂ ಇಟ್ಟದ್ದಲ್ಲ, ಬಿಸಿಲು ಮಳೆಗಳು ಲಕ್ಷಾಂತರ ವರ್ಷ ಸವೆಸಿ ಉಳಿಸಿದ್ದು ಎಂದು ಅವಳ ತಂದೆ ಹೇಳಿದ. ದೊಡ್ಡವ್ವನಿಗೆ ಆ ಉತ್ತರ ಸಮ್ಮತವಾಗಲಿಲ್ಲವೆಂಬುದು ಮುಖದಲ್ಲಿಯೇ ತಿಳಿಯಿತು.

ಊರು ಸೇರಿದೊಡನೆ ಹುಡುಗಿಯ ಮೊದಲ ಪ್ರಶ್ನೆ: “ಚಿನ್ನ ಎಲ್ಲಿ?” ಹೆಸರಿನ ಅರ್ಥವನ್ನು ನಾನೇ ದಾರಿಯಲ್ಲಿ ಹೇಳಿದ್ದೆ. ಕನಕಗಿರಿಯೆಂದರೆ ಹೊನ್ನಿನ ಬೆಟ್ಟ. ಹಳೆಯ ಹೆಸರು ಸ್ವರ್ಣಗಿರಿ. ಕನಕಮುನಿಯು ತಪಸ್ಸು ಮಾಡಿ ಇಲ್ಲಿ ಹೊನ್ನಿನ ಮಳೆ ಸುರಿಸಿದನೆಂದು ಸ್ಥಳಪುರಾಣ. ಮಗುವಿಗೆ ಅಷ್ಟು ಸಾಕಾಗಿತ್ತು. ಸಾಲದೆ ಹೋದದ್ದು ನನಗೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಅವಶ್ಯ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರಿಗೆ ದೊರೆತ ಅಶೋಕನ ಶಾಸನಗಳು ಸುವರ್ಣಗಿರಿ ಎಂಬ ಊರನ್ನು ಹೆಸರಿಸುತ್ತವೆ. ಅಲ್ಲಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಆಜ್ಞೆಯನ್ನು ಕಳುಹಿಸುತ್ತಾರೆ. ಎಂದರೆ ಸುವರ್ಣಗಿರಿ ಮೌರ್ಯರ ದಕ್ಷಿಣ ಸೀಮೆಯ ರಾಜಧಾನಿ. ಅದು ನಮ್ಮ ಕನಕಗಿರಿಯೇ ಎಂದು ಕೆಲವು ವಿದ್ವಾಂಸರು ಊಹಿಸಿದರು. ನಾನು ಆ ಊಹೆಯನ್ನು ಎತ್ತಿಕೊಂಡು, ವರ್ಷಗಳ ಕಾಲ ವಿದ್ಯಾರ್ಥಿಗಳ ಮುಂದೆ ಸಿದ್ಧಾಂತವೆಂಬಂತೆ ಸಾರಿದೆ. ಊರ ಹೆಮ್ಮೆ ಎಂಬುದು ವಿದ್ವತ್ತಿನ ಬಾಯನ್ನು ಎಷ್ಟು ಮೆತ್ತಗೆ ಮುಚ್ಚುತ್ತದೆ! ಪಕ್ಕದ ಮಸ್ಕಿಯೇ ಸುವರ್ಣಗಿರಿ ಎಂಬವರಿದ್ದಾರೆ. ಆಂಧ್ರದ ಕರ್ನೂಲು ಸೀಮೆಯಲ್ಲಿ, ಅಶೋಕನ ಶಾಸನಗಳಿರುವ ಎರ್ರಗುಡಿಗೆ ಸಮೀಪದ ಜೊನ್ನಗಿರಿ ಎಂಬವರು ಇನ್ನೂ ಹಲವರು. ಕನಕಗಿರಿಯ ಪಕ್ಷಕ್ಕೆ ಮುಖ್ಯ ಆಧಾರ ಹೆಸರಿನ ಸಾಮ್ಯ. ಹೆಸರಿನ ಸಾಮ್ಯವೊಂದನ್ನೇ ನೆಚ್ಚಿ ರಾಜಧಾನಿಯನ್ನು ಕಟ್ಟಲಾಗದು.

ಆದರೆ ಚಿನ್ನದ ಮಾತು ಬರೀ ಪುರಾಣವೂ ಅಲ್ಲ. ಈ ಸೀಮೆ ನಿಜವಾಗಿ ಹೊನ್ನಿನ ಸೀಮೆ. ಹಟ್ಟಿಯಲ್ಲಿ ಇಂದಿಗೂ ನೆಲದಿಂದ ಚಿನ್ನ ತೆಗೆಯುತ್ತಿದ್ದಾರೆ. ಅಶೋಕನೆಂಬ ಹೆಸರನ್ನೇ ಹೊತ್ತಿರುವ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿದ್ದು ಬೀಡನ್ ಎಂಬ ಗಣಿ ಇಂಜಿನಿಯರನಿಗೆ. ಅವನು ಹುಡುಕುತ್ತಿದ್ದುದು ಚಿನ್ನವನ್ನು, ಸಿಕ್ಕಿದವನು ದೇವಾನಾಂಪ್ರಿಯ. ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ 1931ರಲ್ಲಿ ಅವನ ಶಾಸನಗಳು ದೊರೆತವು. ಇಷ್ಟನ್ನು ಹುಡುಗಿಗೆ ಹೇಳಿ, “ಇದು ಅಶೋಕನ ರಾಜಧಾನಿಯಾಗಿದ್ದಿರಬಹುದು, ಆಗಿಲ್ಲದೆಯೂ ಇರಬಹುದು” ಎಂದೆ. ಅವಳಿಗೆ ನಿರಾಶೆಯೇನೂ ಆಗಲಿಲ್ಲ. ಉತ್ತರ ಇನ್ನೂ ಸಿಕ್ಕಿಲ್ಲವೆಂಬುದು ಅವಳಿಗೆ ಆಟದಂತೆ ರುಚಿಸಿತು. ನಿರಾಶೆಯಾದದ್ದು ನನಗೆ, ನನ್ನ ಹಳೆಯ ವಿದ್ಯಾರ್ಥಿಗಳನ್ನು ನೆನೆದು.

ಸಂದೇಹವಿಲ್ಲದ ರಾಜಧಾನಿ ಗುಜ್ಜಲ ವಂಶದ ನಾಯಕರದು. ವಿಜಯನಗರದ ಅರಸರಿಗೆ ಸಾಮಂತರಾಗಿದ್ದು, 1565ರಲ್ಲಿ ಆ ಮಹಾನಗರ ಬಿದ್ದ ಮೇಲೂ ಇಲ್ಲಿ ಉಳಿದ ಮನೆತನವದು. ಉಡಚಪ್ಪ ನಾಯಕ ಎಂಬ ಹೆಸರು ಆ ವಂಶದಲ್ಲಿ ಮರಳಿ ಮರಳಿ ಬರುತ್ತದೆ. ಅವರು ಕಟ್ಟಿಸಿ ಬೆಳೆಸಿದ್ದು ಕನಕಾಚಲಪತಿಯ ದೇವಾಲಯ. ಕನಕಾಚಲಪತಿಯೆಂದರೆ ಲಕ್ಷ್ಮೀನರಸಿಂಹ. ಎತ್ತರದ ಗೋಪುರಗಳು, ಗಟ್ಟಿಯಾದ ಪ್ರಾಕಾರ, ವಿಶಾಲವಾದ ಮಂಟಪಗಳು, ಎಲ್ಲವೂ ವಿಜಯನಗರದ ರೀತಿಯವು. ಆದರೆ ಕಣ್ಣಿಗೆ ಕೆಲಸ ಕೊಡುವುದು ಇವಲ್ಲ. ಅರಸು ಅರಸಿಯರ ಕರಿಯ ಕಲ್ಲಿನ ಮೂರ್ತಿಗಳು, ಪುರಾಣಕಥೆಗಳನ್ನು ಹೇಳುವ ಗಾರೆಯ ಪ್ರತಿಮೆಗಳು, ಮರದ ಬೊಂಬೆಗಳು. ಇವು ಮೂರೂ ಒಂದೇ ಗುಡಿಯಲ್ಲಿ ಸೇರಿರುವುದು ಕನಕಗಿರಿಯ ವಿಶೇಷ. ಕಲ್ಲು ಅರಸನದು, ಗಾರೆ ಪುರಾಣದ್ದು, ಮರ ಜಾತ್ರೆಯದು ಎಂದು ನನಗೆ ತೋರಿತು. ಇದು ಶಾಸ್ತ್ರವಲ್ಲ, ನೋಡುಗನ ಸ್ವಚ್ಛಂದ ಕಲ್ಪನೆ.

ಹಂಪಿಯಲ್ಲಿ ನಾವು ಅರಸರ ಅರಮನೆಯ ತಳಪಾಯವನ್ನು ನೋಡಿ ಅರಸನನ್ನು ಊಹಿಸಿಕೊಳ್ಳಬೇಕು. ಸುಮಾರು 1520ರಲ್ಲಿ ಅದನ್ನು ಕಂಡ ಪೋರ್ಚುಗೀಸ ಪ್ರವಾಸಿ ಪಾಯೆಸ್ ರೋಮಿನಷ್ಟು ದೊಡ್ಡದೆಂದ. ಅಂಥ ಊರನ್ನು ನೋಡಲು ಕಾಲು ಬೇಕೆಂಬುದು ಸರಿಯೆ. ಮಕ್ಕಳು ಎರಡನೆಯ ಗಂಟೆಗೇ ಸೋತು ನೀರು ಕೇಳುತ್ತಾರೆ. ಕನಕಗಿರಿಯಲ್ಲಿ ರಾಜ್ಯವೆಂಬುದು ಒಂದು ನಡಿಗೆಯ ಅಳತೆಗೆ ಇಳಿದಿದೆ. ಇಲ್ಲಿ ದೇವರು, ಇಲ್ಲಿ ದೊರೆ, ಅಲ್ಲಿ ನೀರು. ಒಂದು ಚಿಕ್ಕ ಸಂಸ್ಥಾನ ಯಾವುದರ ಮೇಲೆ ನಿಂತಿತ್ತು ಎಂಬುದನ್ನು ಮಗುವಿಗೆ ಅರ್ಧ ದಿನದಲ್ಲಿ ತೋರಿಸಿ ಮುಗಿಸಬಹುದು. ಅವಸರಪಟ್ಟರೆ ಏನೂ ಕಾಣುವುದಿಲ್ಲ. ಹಿಂದೆ ನಾನೇ ವಿದ್ಯಾರ್ಥಿಗಳ ಪ್ರವಾಸವನ್ನು ಹಂಪಿಯಿಂದ ಹಿಂದಿರುಗುವಾಗ ಇಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿ, ಎಲ್ಲರನ್ನೂ ಗೋಪುರದ ಮುಂದೆ ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಸಿ ಹೊರಡಿಸಿದ್ದೆ.

ದೊಡ್ಡವ್ವ ಮಂಟಪದ ಒಂದು ಕಂಬಕ್ಕೆ ಬೆನ್ನು ಕೊಟ್ಟು ಕುಳಿತಳು. ಕರಿಯ ಕಲ್ಲಿನ ಅರಸು ಅರಸಿಯರನ್ನು ನೋಡಿ ಬಂದ ಹುಡುಗಿ ಅವರ ಹೆಸರು ಕೇಳಿದಾಗ ಆಕೆ ನಕ್ಕಳು. “ಹೆಸರು ಯಾರಿಗೆ ಗೊತ್ತವ್ವ? ಸಣ್ಣವರಿದ್ದಾಗ ನಾವು ಅವರನ್ನ ನಮ್ಮ ಮನಿ ಹಿರ್‍ಯಾರು ಅಂತ ತಿಳಕೊಂಡಿದ್ವಿ. ದಿನಾ ಬಂದು ಮಾತಾಡಿಸಿ ಹೋಗ್ತಿದ್ವಿ” ಎಂದಳು. ಆಕೆಯ ಬಾಲ್ಯದಲ್ಲಿ ಶಾಲೆಯ ಪಾಠ ಉರ್ದುವಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ಅಣ್ಣಂದಿರು ಉರ್ದು ಓದುವುದನ್ನು ಕೇಳಿ ಕಲಿತ ಕೆಲವು ಪದಗಳು ಈಗಲೂ ಆಕೆಯ ಮಾತಿನಲ್ಲಿ ಬಂದು ಹೋಗುತ್ತವೆ. ಫಾಲ್ಗುಣ ಮಾಸದ ಜಾತ್ರೆಯಲ್ಲಿ ತೇರು ಎಳೆಯುವಾಗ ತನ್ನ ತಂದೆ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಜಾಗವನ್ನು ಬೆರಳಿಟ್ಟು ತೋರಿಸಿದಳು. ತೋರಿಸಿದ ದಿಕ್ಕು ಸರಿಯಾಗಿಯೇ ಇತ್ತು.

ಮಧ್ಯಾಹ್ನದ ಬುತ್ತಿ ಗುಡಿಯ ಹೊರಗಿನ ನೆರಳಿನಲ್ಲಿ ಬಿಚ್ಚಿದೆವು: ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಹುಡುಗಿಗೆ ಬೀದಿಯ ಮಿರ್ಚಿ ಒಗ್ಗರಣೆಯೇ ಹೆಚ್ಚು ಹಿಡಿಸಿತು; ಕಣ್ಣಲ್ಲಿ ನೀರು ಸುರಿಸುತ್ತಲೇ ಎರಡನೆಯ ಸಲ ಕೇಳಿ ತಿಂದಳು.

ಊರಿಗೆ ಸುಮಾರು ಒಂದು ಕಿಲೋಮೀಟರು ದೂರದಲ್ಲಿ ವೆಂಕಟಪ್ಪ ನಾಯಕ ಕಟ್ಟಿಸಿದ ರಾಜರ ಸ್ನಾನದ ಕೊಳವಿದೆ. ಜನ ಕರೆಯುವುದು ವೆಂಕಟಾಪತಿ ಬಾವಿ ಎಂದು. ಬಾವಿ ಎಂದರೆ ಹಗ್ಗ ಗಡಿಗೆಗಳನ್ನು ನೆನೆಯುವವರು ಇದನ್ನು ಕಂಡು ಬೆರಗಾಗಬೇಕು. ನೆಲದ ಮಟ್ಟದಿಂದ ಕೆಳಕ್ಕೆ ಮೆಟ್ಟಿಲುಗಳು, ಕೆಳಗೆ ಕಂಬಗಳ ಸಾಲು. ಮೇಲಕ್ಕೆ ಎದ್ದು ನಿಲ್ಲಬೇಕಾದ ಮಂಟಪ ನೀರನ್ನು ಹುಡುಕಿಕೊಂಡು ತಾನೇ ಕೆಳಗಿಳಿದಂತೆ. ಮಳೆಯನ್ನೇ ನಂಬಿದ ನಾಡಿನಲ್ಲಿ ದೊರೆಯಾದವನ ವೈಭವ ನೀರು, ಚಿನ್ನವಲ್ಲ. ಗೋಪುರವನ್ನು ದೂರದಿಂದಲೇ ಕಾಣಬಹುದು. ಇದನ್ನು ಕಾಣಲು ಅಂಚಿಗೆ ಹೋಗಿ ಬಗ್ಗಿ ನೋಡಬೇಕು. ಕಣ್ಣಿದ್ದವರು ಎಂದು ಗಾದೆಯನ್ನು ಮಾಡಿದವನ ಮನಸ್ಸಿನಲ್ಲಿ ಈ ಬಾವಿ ಇದ್ದಿತೆಂದು ನನ್ನ ನಂಬಿಕೆ.

ದೊಡ್ಡವ್ವ ಮೆಟ್ಟಿಲಿಳಿಯುವಂತಿರಲಿಲ್ಲ. ಮೇಲೆ ಕಲ್ಲಿನ ಮೇಲೆ ಕೂರಿಸಿದೆವು. ತಂದೆಯ ಕೈಹಿಡಿದು ಇಳಿಯುತ್ತಿದ್ದ ಹುಡುಗಿಗೆ ಆಕೆ ಮೇಲಿನಿಂದಲೇ ಹೇಳುತ್ತಿದ್ದಳು: “ಸಾವಕಾಶ ಇಳಿ. ಕೆಳಗಿನ ಮೆಟ್ಟಲಾ ಜಾರತಾವು. ಕಂಬದ ಹತ್ರ ನಿಂತು ಕೂಗು ನೋಡು.” ಹುಡುಗಿ ಕೂಗಿದಳು. ಅವಳ ದನಿ ಕಲ್ಲಿನಿಂದ ಕಲ್ಲಿಗೆ ತಾಗಿ ಮೇಲೆ ಬಂತು. ದೊಡ್ಡವ್ವ ತಲೆಯಾಡಿಸಿ, “ಹ್ಞಾ, ಹಂಗ” ಎಂದಳು. ನಾನು ಅರ್ಧದಲ್ಲಿ ನಿಂತಿದ್ದೆ. ಮೇಲಿನವಳನ್ನೂ ಕೆಳಗಿನವಳನ್ನೂ ಒಟ್ಟಿಗೆ ನೋಡುತ್ತ.

ಹೋಗಬಯಸುವ ಉಪಾಧ್ಯಾಯರಿಗೂ ಕುಟುಂಬಸ್ಥರಿಗೂ ಎರಡು ಮಾತು. ಕನಕಗಿರಿ ಈಚೆಗೆ ತಾಲೂಕು ಕೇಂದ್ರವೂ ಆಗಿದೆ; ಗಂಗಾವತಿಯಲ್ಲಿ ಉಳಿದು ಬೆಳಿಗ್ಗೆ ಹೋಗುವುದು ಅನುಕೂಲ. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಮಕ್ಕಳನ್ನು ಕರೆದೊಯ್ಯಬೇಡಿ. ಮಾರನೆಯ ದಿನಕ್ಕೆ ಆನೆಗೊಂದಿ, ಅಂಜನಾದ್ರಿ, ಮುನಿರಾಬಾದಿನ ಅಣೆಕಟ್ಟು ಇವೆ. ಕುಕನೂರಿನ ಕಡೆ ಹೋಗುವವರು ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಇಟಗಿಯ ದೇವಾಲಯವನ್ನು ತಪ್ಪಿಸಬಾರದು. ಕೊಪ್ಪಳದ ಕೋಟೆಯನ್ನು ಹತ್ತುವವರು 1858ರಲ್ಲಿ ಅಲ್ಲಿ ಹೋರಾಡಿ ಮಡಿದ ಮುಂಡರಗಿ ಭೀಮರಾಯನನ್ನು ನೆನೆಯಲಿ. ಕಿನ್ನಾಳಕ್ಕಂತೂ ಮಕ್ಕಳೊಡನೆ ಹೋಗಲೇಬೇಕು. ಅಲ್ಲಿನ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಮರದ ಹೊಟ್ಟನ್ನು ಕಲಸಿ ಮೆತ್ತಿ, ಬಣ್ಣ ಬಳಿದು ಬೊಂಬೆ ಮಾಡುವುದನ್ನು ಕಂಡರೆ ಕನಕಗಿರಿಯ ಮರದ ಮೂರ್ತಿಗಳನ್ನು ಇನ್ನೊಮ್ಮೆ ನೋಡುವ ಆಸೆಯಾಗುತ್ತದೆ. ತಮ್ಮ ಊರಿನ ಗುಮ್ಮಟದ ಮೇಲಿನ ಮರದ ದೇವತೆಯೂ ಹೀಗೆಯೇ ಮಾಡಿದ್ದೇ ಎಂದು ನಮ್ಮ ಹುಡುಗಿ ಅಲ್ಲಿ ಒಬ್ಬ ಮುದುಕರನ್ನು ಕೇಳಿದಳು. ಅವರು ಬಣ್ಣದ ಕುಂಚವನ್ನು ಕೆಳಗಿಡದೆ, “ಅದನ್ನ ನೋಡಿ ಹೇಳಬೇಕವ್ವ” ಎಂದರು.

ಕನಕಗಿರಿಯಿಂದ ಹಿಂದಿರುಗುವಾಗ ಕತ್ತಲಾಗಿತ್ತು. ಹುಡುಗಿ ದೊಡ್ಡವ್ವನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ಗಂಗಾವತಿಯ ದೀಪಗಳು ಕಾಣತೊಡಗಿದಾಗ ದೊಡ್ಡವ್ವ ನನ್ನನ್ನು ಕೇಳಿದಳು:

“ಬಾವ್ಯಾಗ ನೀರು ಅದಾವೇನಪಾ?”

“ಅದಾವ ದೊಡ್ಡವ್ವ, ತಳದಾಗ” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಕಣ್ಣಿನ ಡಾಕ್ಟರು ಗಂಗಾವತಿಯಲ್ಲಿ ಕೂರುವ ವಾರ ಯಾವುದು ಎಂದು ವಿಚಾರಿಸಿದಳು.